ಬಿಸಿಲಿಗೆ ಹಾಕಿದ ಮಿಲಿಟ್ರಿ ಕಾಗದ

ಸುರಪುರದ ರಂಗಂಪೇಟೆಯಲ್ಲಿ ಹಪ್ಪಳದ ಜೊತೆ ಕಾಗದ ಒಣಗಿಸುವ ಮನೆ ಒಂದೇ. ಅದು ಅಮೃತಮ್ಮನ ಮನೆ.

ಶಿವರಾತ್ರಿ ದಾಟಿ ಬಿಸಿಲು ಚುರುಗುಟ್ಟತೊಡಗಿತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಮಾಳಿಗೆ ಹತ್ತುತ್ತಾರೆ. ಸಂಡಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಹರವುತ್ತಾರೆ. ಅಮೃತಮ್ಮನೂ ಹತ್ತುತ್ತಾಳೆ, ಎಪ್ಪತ್ಮೂರು ವರ್ಷದ ಮೊಣಕಾಲನ್ನು ಒಂದೊಂದು ಮೆಟ್ಟಿಲಿಗೂ ಬೈದುಕೊಳ್ಳುತ್ತ. ಅವಳು ಎರಡು ಹಳೆಯ ಸೀರೆ ಹಾಸುತ್ತಾಳೆ. ಒಂದರ ಮೇಲೆ ಹಪ್ಪಳ, ಇನ್ನೊಂದರ ಮೇಲೆ ಕಾಗದ. ಹಪ್ಪಳಕ್ಕೆ ಗಾಳಿ ಬೇಕು, ಕಾಗದಕ್ಕೆ ಗಾಳಿ ಬೇಡ. ಅದಕ್ಕೇ ಒಂದೊಂದು ಕಾಗದದ ನೆತ್ತಿಗೂ ಒಂದೊಂದು ಹರಳು. ಕಾಗೆ ಬಂದರೆ ಮಾತ್ರ ಎರಡಕ್ಕೂ ಒಂದೇ ಕೋಲು.

ಪಕ್ಕದ ಮಾಳಿಗೆಯ ಸೂಗಮ್ಮ ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತಾಳೆ: "ಏನ್ ಅಮೃತಕ್ಕಾ, ಈ ಸಲ ಮಿಲಿಟ್ರಿ ಹಪ್ಪಳ ಎಷ್ಟ್ ಹಾಕೀರಿ?"

"ನಿನ್ನ ಹಪ್ಪಳ ಕರದ್ರ ಮುಗೀತು, ಸೂಗಿ. ನನ್ನವು ಮೂರು ತಲಿಮಾರಿನಿಂದ ಮುಗದಿಲ್ಲ."

ಮೂರು ತಲೆಮಾರು ಅಂದದ್ದು ಬಡಾಯಿಯಲ್ಲ. ಮಾವ ದೇವಿಂದ್ರಪ್ಪ ನಿಜಾಮರ ಕಾಲದ ಕುದುರೆ ದಂಡಿನಲ್ಲಿ ಸವಾರರಾಗಿದ್ದರು. ಗಂಡ ಬಸವಂತ್ರಾಯ ಹದಿನೇಳು ವರ್ಷ ಫೌಜಿನಲ್ಲಿದ್ದು, ಊರಿಗೆ ಬಂದು, ಒಂಬತ್ತು ವರ್ಷದ ಕೆಳಗೆ ತೀರಿಕೊಂಡ. ಮಗ ದಂಡಿನ ತಂಟೆಗೆ ಹೋಗದೆ ಶಹಾಪುರದ ಹತ್ತಿ ಮಿಲ್ಲು ಸೇರಿದ. ಅವನ ಪಾಲಿನದನ್ನೂ ಸೇರಿಸಿ ಮೊಮ್ಮಗಳು ಅಂಜನಾ ಮಿಲಿಟರಿ ಪೊಲೀಸ್ ಆಗಿ ಜಮ್ಮುವಿನ ಕಡೆ ನಿಂತಿದ್ದಾಳೆ. ಈ ಮೂವರ ಕಾಗದಗಳೂ ಒಂದು ಕರಿಯ ತಗಡಿನ ಟ್ರಂಕಿನಲ್ಲಿವೆ. ಅತ್ತೆ ಸಾಯುವ ಮುಂಚೆ ಬಂಗಾರದ ಬೋರಮಾಳವನ್ನು ಮಗಳಿಗೆ ಕೊಟ್ಟು, ಟ್ರಂಕನ್ನು ಸೊಸೆಗೆ ಕೊಟ್ಟಿದ್ದಳು. ಆಗ ಅಮೃತಮ್ಮನಿಗೆ ಸಿಟ್ಟು ಬಂದಿತ್ತು. ಈಗ ಬೋರಮಾಳ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಟ್ರಂಕ್ ಮಾತ್ರ ಇದೆ ಎಂದು ಅವಳು ಆಗಾಗ ನಾದಿನಿಗೆ ಕೇಳಿಸುವಂತೆ ಹೇಳುವುದುಂಟು.

ಅಮೃತಮ್ಮನಿಗೆ ಓದು ಬಾರದು. ಆದರೆ ಅವಳ ಟ್ರಂಕಿನಲ್ಲಿ ಯಾವ ಕಾಗದವೂ ದಾರಿ ತಪ್ಪಿದ್ದಿಲ್ಲ. ಮಾವನ ಕಾಗದ ಅವರದೇ ಕೆಂಪು ರುಮಾಲಿನಲ್ಲಿ ಗಂಟು. ಗಂಡನ ಪತ್ರ, ಜೊತೆಗೆ ಅವನ ಮೆಡಲ್, ಅವನ ಹಳೆಯ ಸ್ವೆಟರಿನ ತೋಳಿನೊಳಗೆ. ಅಂಜನಾಳವು ಅವಳು ಹೈಸ್ಕೂಲಿಗೆ ಹೊದ್ದು ಹೋಗುತ್ತಿದ್ದ ನೀಲಿ ದುಪಟ್ಟಾದಲ್ಲಿ. ನಡುನಡುವೆ ಬೇವಿನ ಎಲೆ, ಹುಳ ಬಾರದಂತೆ ಮೂಲೆಗೆ ಬಜೆ ಬೇರು. ಫೋನಿನಲ್ಲಿ ದಿನಾ ಮಾತಾಡುವ ಅಂಜನಾ ಕಾಗದ ಯಾಕೆ ಬರೆಯಬೇಕು ಎಂದು ಜಗಳ ತೆಗೆದಿದ್ದಳು. "ಫೋನಿನ್ಯಾಗ ಮಾತಾಡಿದ್ದು ಬಿಸಿಲಿಗೆ ಹಾಕಾಕ ಬರ್ತದೇನು?" ಎಂದು ಅಜ್ಜಿ ಕೇಳಿದ ಮೇಲೆ ತಿಂಗಳಿಗೊಂದು ಬರೆಯತೊಡಗಿದಳು.

ಈ ವರ್ಷ ಕಾಗದ ಒಣಗುತ್ತಿದ್ದ ದಿನವೇ ಮೈದುನ ಬಾಲರಾಜ ಯಾದಗಿರಿಯಿಂದ ಬಂದ.

ಬಾಲರಾಜ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಹದಿನೆಂಟು ತುಂಬಿದಾಗ ಫೌಜಿನ ಭರ್ತಿಗೆ ಹೋಗಿದ್ದ. ಎದೆ ಒಂದು ಬೆರಳು ಕಡಿಮೆ ಬಿದ್ದು ವಾಪಸು ಬಂದ. ಆ ಒಂದು ಬೆರಳನ್ನು ಅವನು ಇನ್ನೂ ಮರೆತಿಲ್ಲ. ಮೀಸೆ ಬಿಟ್ಟದ್ದು ಆಮೇಲೆ. ಯಾದಗಿರಿಯ ಮಾಜಿ ಸೈನಿಕರ ಸಂಘದಲ್ಲಿ ಸೈನಿಕನಲ್ಲದ ಸದಸ್ಯ ಅವನೊಬ್ಬನೇ. ಸೆಲ್ಯೂಟ್ ಎಲ್ಲರಿಗಿಂತ ಜೋರಾಗಿ ಹೊಡೆಯುವವನೂ ಅವನೇ.

ಮಾಳಿಗೆ ಏರಿ ಬಂದವನು ಸೀರೆಯ ಮೇಲೆ ಹರಡಿದ ಕಾಗದ ನೋಡಿ ಎದೆಗೆ ಕೈ ಇಟ್ಟುಕೊಂಡ.

"ವೈನಿ, ಇವು ದಾಖಲೆರಿ. ದಾಖಲೆ. ಬಿಸಿಲಿಗೆ ಹಾಕಿದ್ರ ಶಾಯಿ ಹಾರತದ."

"ಐವತ್ತು ವರ್ಷ ಹಾಕೀನಿ. ಹಾರಿಲ್ಲ. ನಿಮ್ಮ ಆಫೀಸಿನ ಫೈಲ್ ನೆರಳಾಗ ಇದ್ವಲ್ಲ, ಗೆದ್ದಲಕ್ಕ ಎಷ್ಟು ಕೊಟ್ಟೀರಿ?"

ಬಾಲರಾಜ ಚೀಲದಿಂದ ಒಂದು ಕಾಗದ ತೆಗೆದು, ಕನ್ನಡಕ ಏರಿಸಿ, ವಿಷಯಕ್ಕೆ ಬಂದ. ಸಂಘದ ಹೊಸ ಕಟ್ಟಡದಲ್ಲಿ ಗಾಜಿನ ಕಪಾಟು ಮಾಡಿಸಿದ್ದಾರೆ. ಜಿಲ್ಲೆಯ ಸೈನಿಕ ಮನೆತನಗಳ ಕಾಗದಪತ್ರ ಅದರಲ್ಲಿ ಇಡುತ್ತಾರೆ. ಬರುವ ಭಾನುವಾರ ಉದ್ಘಾಟನೆ. ನಡುವಿನ ಖಾನೆ ದೇವಿಂದ್ರಪ್ಪನವರ ಮನೆತನಕ್ಕೆಂದು ಬಾಲರಾಜ ಹೇಳಿ ಇಡಿಸಿದ್ದಾನೆ. ಎಲ್ಲ ಕಾಗದಕ್ಕೂ ಪ್ಲಾಸ್ಟಿಕ್ ಹೊದಿಸಿ, ನಂಬರ್ ಹಾಕಿ, ಟ್ರಂಕ್ ಸಮೇತ ಒಯ್ಯುತ್ತಾನೆ.

"ಸಮೇತ ಅಂದ್ರ?"

"ಸಮೇತ ಅಂದ್ರ ಸಮೇತ. ಇಲ್ಲಿ ಇಟ್ಟು ಏನ್ ಮಾಡ್ತೀರಿ, ವೈನಿ? ನಿಮಗ ಓದಾಕ ಬರಂಗಿಲ್ಲ."

ಅಮೃತಮ್ಮ ಕೋಲು ಕೆಳಗಿಟ್ಟಳು. ಒಂಬತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಇವನನ್ನು ಅವಳೇ ಮೀಯಿಸಿ ತಲೆ ಬಾಚಿದವಳು. ಗಂಡನ ಪತ್ರ ಬಂದಾಗೆಲ್ಲ ಅವಳಿಗೆ ಓದಿ ಹೇಳುತ್ತಿದ್ದವನೂ ಇವನೇ. ಪತ್ರಕ್ಕೊಂದು ಬೆಲ್ಲದುಂಡೆ ಇಸಿದುಕೊಂಡು.

"ಬಾಲ್ಯಾ, ಓದಾಕ ಬರೋದು ಬ್ಯಾರೆ, ಗೊತ್ತಿರೋದು ಬ್ಯಾರೆ. ಮೂರೂ ಗಂಟಿನ್ಯಾಗಿಂದ ಒಂದೊಂದು ಕಾಗದ ನೀ ಎತ್ತು. ಅದರಾಗ ಏನದ ಅಂತ ನಾ ಹೇಳತೀನಿ. ಮೂರೂ ಖರೇ ಆದ್ರ ಟ್ರಂಕಿನ ಸುದ್ದಿ ಮತ್ತ ಎತ್ತಬಾರದು."

"ಒಂದು ತಪ್ಪಿದ್ರ?"

"ತಪ್ಪಿದ್ರ ಒಯ್ಯಿ. ಸಮೇತ."

ಸೂಗಮ್ಮ ತನ್ನ ಸಂಡಿಗೆ ಬಿಟ್ಟು ಗೋಡೆಗೆ ಆನಿಕೊಂಡಳು. ಸಾಕ್ಷಿ ಬೇಕೆಂದು ಯಾರೂ ಕರೆದಿರಲಿಲ್ಲ.

ಬಾಲರಾಜ ಮೊದಲು ನೀಲಿ ದುಪಟ್ಟಾದ ಕಡೆಯ ಒಂದು ಹಾಳೆ ಎತ್ತಿದ. ಅಮೃತಮ್ಮ ಹಾಳೆಯ ಅಂಚು ಮುಟ್ಟಿ ನೋಡಿದಳು. "ಇದು ಹುಡುಗಿದು, ಮೊದಲನೇದು. 'ಅಜ್ಜಿ, ಪತ್ರ ಬರಿ ಅಂದಿ, ಬರದೀನಿ. ಉಳಿದದ್ದು ಫೋನಿನ್ಯಾಗ ಹೇಳೀನಿ.' ಅಷ್ಟ." ಬಾಲರಾಜ ಓದಿದ. ಅಷ್ಟೇ ಇತ್ತು.

ಎರಡನೆಯದಾಗಿ ಅವನು ಅಣ್ಣನ ಪತ್ರಗಳಲ್ಲಿ ಅಡಿಯಲ್ಲಿದ್ದದ್ದನ್ನು ಹುಡುಕಿ ಎಳೆದ. ನೀಲಿ ಇನ್‌ಲ್ಯಾಂಡ್, ಒಂದು ಮೂಲೆ ಎಣ್ಣೆ ಕುಡಿದಿತ್ತು. ಅಮೃತಮ್ಮ ಆ ಎಣ್ಣೆಯ ಗುರುತು ನೋಡಿ ನಕ್ಕಳು.

"ಇದನ್ನ ಎತ್ತಬಾರದಿತ್ತು ನೀ. 'ಇಲ್ಲಿ ಹಿಮ ಬಿದ್ದಿದೆ. ಕಂಬಳಿ ಎರಡು ಕೊಟ್ಟಿದ್ದಾರೆ. ಬಾಲರಾಜ ಶಾಲೆ ತಪ್ಪಿಸಿದರೆ ಕಿವಿ ಹಿಂಡು. ಓದುವವನು ಅವನೇ, ಈ ಸಾಲು ಬಿಟ್ಟು ಓದುತ್ತಾನೆ. ನೀನು ಎರಡನೇ ಸಲ ಓದಿಸು.' ನೀ ಬಿಟ್ಟ ಓದಿದ್ದಿ, ಬಾಲ್ಯಾ. ಎರಡನೇ ಸಲಾನೂ ಬಿಟ್ಟಿ. ಎರಡು ಬೆಲ್ಲದುಂಡಿ ತಿಂದಿ. ಸೊಸಿ ರೇವತಿ ಬಂದು ಓದಿದ ಮ್ಯಾಲ ನನಗ ಗೊತ್ತಾತು. ಆಗ ನಿನ್ನ ಕಿವಿ ಹಿಂಡೋಣ ಅಂದ್ರ ನೀ ಹೆಡ್ ಕ್ಲಾರ್ಕ್ ಆಗಿದ್ದಿ."

ಸೂಗಮ್ಮ ನಕ್ಕ ರಭಸಕ್ಕೆ ಅವಳ ಮಾಳಿಗೆಯ ಕಾಗೆಗಳು ಹಾರಿದವು. ಬಾಲರಾಜ ಕಾಗದವನ್ನು ತುಂಬ ಹತ್ತಿರ ಹಿಡಿದು ಓದಿದ, ಮುಖ ಮರೆಯಾಗುವಷ್ಟು ಹತ್ತಿರ. "ಖರೇ ಅದ," ಅಂದ.

ಮೂರನೆಯದಕ್ಕೆ ಅವನು ಹುಡುಕಲಿಲ್ಲ. ಕೆಂಪು ರುಮಾಲಿನ ಮೇಲೆಯೇ ಇದ್ದ, ಅರಿಷಿಣ ಕುಂಕುಮದಿಂದ ಬಣ್ಣ ಹಿಡಿದ ದಪ್ಪ ಕಾಗದವನ್ನು ಎರಡೂ ಕೈಯಿಂದ ಎತ್ತಿದ. ಗಾಜಿನ ಕಪಾಟಿನ ನಡುವೆ ಇಡಬೇಕೆಂದು ಅವನು ಕನಸು ಕಂಡದ್ದು ಇದನ್ನೇ. ಅಮೃತಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಇದು ಮಾವನವರ ಬಹಾದ್ದೂರಿ ಸನದು, ಶೂರತನಕ್ಕ ಸರ್ಕಾರ ಕೊಟ್ಟ ಕಾಗದ. ನಾ ಹೊಸದಾಗಿ ಬಂದಾಗ ಕೇಳಿದ್ದೆ. ಅವರ ಬಾಯಿಂದನ ಹೇಳ್ಯಾರ."

ಮಹಾನವಮಿಯ ಖಂಡೇಪೂಜೆಗೆ ಕುಡಗೋಲು, ಕೊಡಲಿ, ತುಕ್ಕು ಹಿಡಿದ ಒಂದು ಕತ್ತಿಯ ಜೊತೆ ಆ ಕಾಗದಕ್ಕೂ ಪೂಜೆ. ಮಾವ ಇರುವ ತನಕ ಸ್ವತಃ ಅವರೇ ಕುಂಕುಮ ಹಚ್ಚುತ್ತಿದ್ದರು, ಮೀಸೆಯ ಕೆಳಗೆ ತುಟಿ ಬಿಗಿ ಹಿಡಿದು. ಆಮೇಲೆ ಗಂಡ, ಆಮೇಲೆ ಮಗ. ಕಾಗದ ಉರ್ದುವಿನಲ್ಲಿತ್ತು. ಮಾವ ಕಲಿತದ್ದು ಉರ್ದು ಶಾಲೆಯಲ್ಲಿ. ಮಕ್ಕಳು ಕಲಿಯುವ ಹೊತ್ತಿಗೆ ರಾಜ್ಯವೂ ಬದಲಾಗಿತ್ತು, ಶಾಲೆಯೂ ಬದಲಾಗಿತ್ತು. ಹೀಗಾಗಿ ಆ ಮನೆಯಲ್ಲಿ ಅದಕ್ಕೆ ಕೈಮುಗಿದವರು ಎಲ್ಲರೂ, ಮಾವನನ್ನು ಬಿಟ್ಟರೆ ಓದಿದವರು ಮಾತ್ರ ಯಾರೂ ಇಲ್ಲ.

"ಅದು ನನಗೂ ಗೊತ್ತದ," ಅಂದ ಬಾಲರಾಜ. "ಆದ್ರ ಗುಮಾಸ್ತ ಇದ್ದೀನಲ್ರಿ, ಓದಿಸದ ಹೂಂ ಅನ್ನಂಗಿಲ್ಲ. ಕಪಾಟಿನ್ಯಾಗ ಕೆಳಗ ಕನ್ನಡದಾಗ ಬರದು ಇಡಬೇಕಲ್ಲ, ಅದಕ್ಕೂ ಆತು."

ಸೊಸೆ ರೇವತಿ ಅಂಗನವಾಡಿಯವಳು. ಅವಳ ಗೆಳತಿ ಫರ್ಹತಳ ಅತ್ತೆ ಖುರ್ಷೀದಬೇಗಂ ಶಹಾಪುರದಲ್ಲಿ ಉರ್ದು ಶಾಲೆಯ ಮಾಸ್ತರಿಣಿಯಾಗಿದ್ದವರು. ರೇವತಿ ಫೋನ್ ಮಾಡಿ ಮರುದಿನಕ್ಕೆ ಗೊತ್ತು ಮಾಡಿದಳು. ಬಾಲರಾಜ ಟ್ರಂಕ್ ಪೂರ್ತಿ ತೆಗೆದುಕೊಂಡೇ ಹೊರಟ. ಗೆದ್ದರೆ ಅಲ್ಲಿಂದಲೇ ಯಾದಗಿರಿ ಬಸ್ ಹತ್ತುವುದೆಂದು ಲೆಕ್ಕ. "ಸೋತ್ರ ನೀನ ಹೊತ್ಕೊಂಡು ವಾಪಸ್ ಬರಬೇಕು," ಅಂದಳು ಅಮೃತಮ್ಮ. ಸೋಲುತ್ತೇನೆಂಬ ವಿಚಾರವೇ ಅವಳಿಗೆ ಇರಲಿಲ್ಲ. ಆದರೂ ಬಸ್ಸಿನಲ್ಲಿ ಉದ್ದಕ್ಕೂ ಟ್ರಂಕಿನ ಕೊಂಡಿಯ ಮೇಲೆ ಒಂದು ಬೆರಳು ಇಟ್ಟುಕೊಂಡೇ ಕುಳಿತಳು. ಟ್ರಂಕ್ ಹೋದರೆ ಮಾಳಿಗೆಯ ಮೇಲೆ ಹಾಸಲು ಒಂದೇ ಸೀರೆ ಸಾಕಾಗುತ್ತದೆ ಎಂಬುದು ಅವಳಿಗೆ ದಾರಿಯಲ್ಲಿ ಒಮ್ಮೆ ಹೊಳೆದು, ಆ ವಿಚಾರ ಬೇಡವೆಂದು ಹೊರಗೆ ಭತ್ತದ ಗದ್ದೆ ನೋಡಿದಳು.

ಖುರ್ಷೀದಬೇಗಂ ಎಂಬತ್ತರ ಹತ್ತಿರದವರು. ನಲವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದ ಕಣ್ಣು. ಎದುರಿಗೆ ಯಾರೇ ಬಂದರೂ ಮೊದಲು ಉಗುರು ನೋಡುತ್ತಿದ್ದರು. ಫರ್ಹತ ಚಹಾ ತಂದಿಟ್ಟಳು. ಬೇಗಂ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಅಮೃತಮ್ಮಾ, ನಾನು ಉರ್ದು ಓದಬೇಕೋ, ಅರಿಷಿಣ ಓದಬೇಕೋ?"

"ದೇವರ ಕಾಗದರಿ ಅದು. ಹಚ್ಚಲೇಬೇಕಾಗ್ತದ."

"ದೇವರದು ಅಲ್ಲ ಇದು. ರಿಸಾಲೆಯ, ಅಂದರೆ ಕುದುರೆ ದಂಡಿನ, ಜಮಾದಾರನದು," ಎಂದ ಬೇಗಂ ಮೊದಲು ತಮ್ಮಷ್ಟಕ್ಕೆ ಒಮ್ಮೆ ಓದಿಕೊಂಡರು. ಓದುತ್ತ ಓದುತ್ತ ಅವರ ಗಲ್ಲ ನಡುಗಿತು. ಚಹಾದ ಬಟ್ಟಲನ್ನು ದೂರ ಸರಿಸಿ, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ ಕನ್ನಡ ಮಾಡಿ ಹೇಳಿದರು:

"ಹುಕುಂ. ಸವಾರ ದೇವಿಂದ್ರ, ಊರು ಸುರಪುರ. ಬೆಳಗಿನ ಪಹರೆಯಲ್ಲಿ ನಿಂತವನು ಏರು ದನಿಯಲ್ಲಿ ಹಾಡು ಹೇಳಿ ಲಾಯದ ಕುದುರೆಗಳನ್ನು ಎಬ್ಬಿಸಿದ್ದಾನೆ. ಎರಡು ಸಲ ತಾಕೀತು ಮಾಡಲಾಗಿದೆ. ಮೂರನೇ ಸಲವೂ ಹಾಡಿದ್ದಾನೆ. ಹದಿನೈದು ದಿನ ಲಾಯದ ಸಗಣಿ ಎತ್ತುವ ಸಜಾ ಕೊಡಲಾಗಿದೆ."

ಒಳಗೆ ಫರ್ಹತ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

"ಬಾಜೂಕ ಇನ್ನೊಂದು ಸಾಲು ಅದ," ಅಂದರು ಬೇಗಂ. "ಬೇರೆ ಕೈಬರಹ. 'ಸಜಾದ ಕಾಲದಲ್ಲೂ ಹಾಡುತ್ತಿದ್ದಾನೆ. ಕುದುರೆಗಳಿಗೆ ಈಗ ರೂಢಿಯಾಗಿದೆ.'"

ಅಮೃತಮ್ಮನಿಗೆ ಮೊದಲು ನೆನಪಾದದ್ದು ಮಾವನ ಬಿಗಿದ ತುಟಿ. ಖಂಡೇಪೂಜೆಯ ದಿನ ಇಡೀ ಮನೆ ಸಾಲಾಗಿ ನಿಂತು ಕೈಮುಗಿಯುವಾಗ, ಕುಂಕುಮದ ಬಟ್ಟಲು ಹಿಡಿದು ಅವರು ನಿಂತಿರುತ್ತಿದ್ದರಲ್ಲ, ಅದು ಭಕ್ತಿಯೆಂದು ಅವಳು ತಿಳಿದಿದ್ದಳು. ನಗು ತಡೆಯುತ್ತಿದ್ದರು ಮನುಷ್ಯ. ವರ್ಷಕ್ಕೊಂದು ಸಲ, ಸಾಯುವ ತನಕ, ಯಾರಿಗೂ ಹೇಳದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯುವುದು ಮಾತ್ರ ನಿಲ್ಲಲಿಲ್ಲ.

"ನೀವು ನಗಾಕತ್ತೀರಿ, ವೈನಿ," ಅಂದ ಬಾಲರಾಜ.

"ಇಲ್ಲಪ್ಪ. ಸೋತೀನಲ್ಲ, ಅಳಾಕತ್ತೀನಿ."

ಸೋತದ್ದು ಸೋತದ್ದೇ. ಅವಳು ಕಾಗದವನ್ನು ರುಮಾಲಿನೊಳಗೆ ಇಟ್ಟು, ಗಂಟು ಹಾಕಿ, ಟ್ರಂಕಿನ ಕೊಂಡಿ ಬಿಗಿದು, ಮೈದುನನ ಕಡೆ ತಳ್ಳಿದಳು. ಬೇಗಂರಿಗೆ ಕೈಮುಗಿದು ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಸುರಪುರದ ಬಸ್ಸು ಒಂದು ಕಡೆ, ಯಾದಗಿರಿಯದು ಇನ್ನೊಂದು ಕಡೆ. ಬಾಲರಾಜ ಟ್ರಂಕನ್ನು ನಡುವಿನ ಕಲ್ಲುಬೆಂಚಿನ ಮೇಲೆ ಇಟ್ಟ.

"ವೈನಿ, ಒಂದು ಮಾತು. ಆ ಕಾಗದ ಒಂದ ನೀವು ಇಟ್ಕೊಳ್ರಿ. ಉಳಿದದ್ದು ನಾ ಒಯ್ತೀನಿ."

"ಯಾಕ?"

"ಸುಬೇದಾರ್‌ಗಳು ಕೂಡಿರ್ತಾರ. ಅವರ ಮುಂದ ಸಗಣಿ ಎತ್ತಿದ್ದು ಹ್ಯಾಂಗ ಇಡ್ಲಿರಿ?"

"ನಾ ಸೋತದ್ದು ಸಮೇತಕ್ಕ. ಬಿಡಿ ಬಿಡಿ ಕೊಡಾಕ ಇದೇನು ಕಾಯಿಪಲ್ಯಾ ಅಲ್ಲ. ಒಯ್ದ್ರ ಪೂರ್ತಿ ಒಯ್ಯಿ. ನಡುವಿನ ಖಾನ್ಯಾಗ ಅದನ್ನ ಇಡು. ಕೆಳಗ ಕನ್ನಡದಾಗ ಬರಿ, ಬೇಗಂರು ಹೇಳಿದಂಗ. ಒಂದು ಸಾಲೂ ಬಿಡಬಾರದು. ನಿನಗ ಸಾಲು ಬಿಡೋ ಚಟ ಅದ."

ಯಾದಗಿರಿ ಬಸ್ಸಿನ ಕಂಡಕ್ಟರ್ ಒಂದು ಸಲ ಕೂಗಿದ. ಬಾಲರಾಜ ಟ್ರಂಕಿನ ಹಿಡಿಕೆಗೆ ಕೈ ಹಾಕಿದ, ಎತ್ತಲಿಲ್ಲ. ಬೆಂಚಿನ ಮೇಲೆ ಕುಳಿತ. ಬಹಳ ಹೊತ್ತು ಮೀಸೆ ತೀಡಿದ.

"ನನಗ ಒಂದಿನಾನೂ ಹಾಡಿ ತೋರಿಸಿಲ್ಲ ಅಪ್ಪ," ಅಂದ. ದನಿ ಗುಮಾಸ್ತನದಾಗಿರಲಿಲ್ಲ. "ಬೈದದ್ದು ನೆನಪದ. ಲೆಕ್ಕಾ ತಪ್ಪಿದ್ರ ಹೊಡದದ್ದು ನೆನಪದ. ಎದಿ ಕಮ್ಮಿ ಬಿತ್ತು ಅಂತ ನಾ ಭರ್ತಿಯಿಂದ ವಾಪಸ್ ಬಂದಾಗ ಏನೂ ಅನ್ಲಿಲ್ಲ, ಎದ್ದು ಎಮ್ಮಿ ಹಿಂಡಾಕ ಹೋದ. ಸಿಟ್ಟು ಬಂದದ ಅಂತ ತಿಳದಿದ್ದೆ. ಅಂಥಾ ಬಹಾದ್ದೂರನ ಹೊಟ್ಟ್ಯಾಗ ಇಂಥಾವ ಹುಟ್ಟಿದೆ ಅಂತ ಇವತ್ತಿನ ತನಕ..."

ಅಮೃತಮ್ಮ ಅವನ ಪಕ್ಕ ಕುಳಿತಳು. ಆ ಸಂಜೆ ಅವಳಿಗೆ ನೆನಪಿತ್ತು.

"ಎಮ್ಮಿ ಹಿಂಡುವಾಗ ಅವರು ಏನೋ ಗುಣಗುಣ ಅಂತಿದ್ರು. ಅವತ್ತೂ ಅಂದ್ರು, ಜರಾ ಜೋರಾಗೇ. ನಾ ಎಮ್ಮಿಗಿ ಬೈಯಾಕತ್ತಾರ ಅಂತ ತಿಳಕೊಂಡಿದ್ದೆ."

ಬಾಲರಾಜ ತಿರುಗಿ ನೋಡಿದ. "ಸಿಟ್ಟಿದ್ದಿಲ್ಲೇನ್ರಿ ಹಂಗಾರ?"

"ಸಿಟ್ಟಿನ್ಯಾಗ ಯಾರರ ಹಾಡತಾರೇನೋ? ಮಗ ಮನ್ಯಾಗ ಉಳದ ಅಂತ ಹಾಡಿರಬೇಕು."

ಯಾದಗಿರಿ ಬಸ್ಸು ಎರಡನೇ ಸಲ ಹಾರ್ನ್ ಹೊಡೆದು, ಇವರನ್ನು ಒಮ್ಮೆ ನೋಡಿ, ಹೊರಟುಹೋಯಿತು. ಬಾಲರಾಜ ಅದನ್ನು ನೋಡಲೇ ಇಲ್ಲ. ಟ್ರಂಕಿನ ಕೊಂಡಿ ತೆಗೆದು ಕೆಂಪು ರುಮಾಲಿನ ದಪ್ಪವನ್ನು ಬೆರಳಿನಿಂದ ಅಳೆಯುತ್ತಿದ್ದ.

"ಇನ್ನೂ ನಲವತ್ತು ಕಾಗದ ಇರಬೇಕಲ್ರಿ ಇದರಾಗ."

"ನಲವತ್ತೊಂದು."

"ಒಂದೂ ಓದಿಲ್ಲ ನಾವು."

"ಕೈಮುಗದೀವಿ."

"ಓದಿಸಬೇಕ್ರಿ, ವೈನಿ. ಎಲ್ಲಾ ಓದಿಸಬೇಕು. ಇನ್ನೇನೇನು ಮಾಡ್ಯಾನೋ ಮನುಷ್ಯ." ಅವನು ಎದ್ದು ನಿಂತ. "ನಾ ವಾರಕ್ಕೊಮ್ಮೆ, ಗುರುವಾರ, ಯಾದಗಿರಿಯಿಂದ ಇಲ್ಲಿಗಿ ಬರತೀನಿ. ನೀವು ರಂಗಂಪೇಟಿಯಿಂದ ತರ್ರಿ. ಬೇಗಂರು ಓದ್ತಾರ, ನಾ ಬರಕೋತೀನಿ. ಟ್ರಂಕ್ ನಿಮ್ಮ ಕಡೀನ ಇರಲಿ. ನನ್ನ ಮನ್ಯಾಗ ಇಟ್ರ ನಾ ಡಾಂಬರ್ ಗೋಲಿ ಹಾಕತೀನಿ, ನೀವು ಮಾತು ಬಿಡತೀರಿ."

"ಬಿಡತಿದ್ದೆ," ಎಂದು ಒಪ್ಪಿಕೊಂಡಳು ಅಮೃತಮ್ಮ. ಅವಳ ಬೆರಳು ತಾನಾಗಿಯೇ ಕೊಂಡಿಯ ಮೇಲೆ ಹೋಗಿ ಕುಳಿತಿತ್ತು.

"ಆದ್ರ ಭಾನುವಾರ ಏನ್ ಮಾಡೂದ್ರಿ?" ಅಂದ ಬಾಲರಾಜ.

ಆಮೇಲೆ ತಾನೇ ಫೋನ್ ತೆಗೆದ. ಸಂಘದ ಅಧ್ಯಕ್ಷರ ಹೆಸರು ಒತ್ತುವ ಮುಂಚೆ ಅಂಗಿಯ ಕಾಲರ್ ಸರಿ ಮಾಡಿಕೊಂಡ. ಅಧ್ಯಕ್ಷರು ನಿವೃತ್ತ ಸುಬೇದಾರರು, ಫೋನಿನಲ್ಲೂ ಕಾಲರ್ ಕಾಣುತ್ತದೆಂದು ಅವನ ನಂಬಿಕೆ. ಅಮೃತಮ್ಮ ಚೆಲ್ಲಿದ ಕಡಲೆಕಾಯಿ ಸಿಪ್ಪೆ ನೋಡುವವಳಂತೆ ನೆಲ ನೋಡುತ್ತ ಕಿವಿಯನ್ನು ಫೋನಿನ ಕಡೆ ಇಟ್ಟಳು. ಇವನು ಏನೋ ನೆಪ ಹೇಳುತ್ತಾನೆ, ಕಾಗದ ಗೆದ್ದಲು ತಿಂದಿದೆ ಅನ್ನುತ್ತಾನೆ, ಅದೂ ತನ್ನ ಮೇಲೆಯೇ ಬರುತ್ತದೆ ಎಂದುಕೊಂಡಳು.

"ಸಾಹೇಬ್ರ, ನಮಸ್ಕಾರ್ರಿ. ಸನದಿನ ವಿಷಯ ರೀ. ಓದಿಸಿದೆ. ಅದು ಸನದು ಅಲ್ರಿ, ಸಜಾದ ಕಾಗದ." ಬಾಲರಾಜ ಮತ್ತೊಮ್ಮೆ ಕಾಲರ್ ಮುಟ್ಟಿಕೊಂಡ. "ನಮ್ಮಪ್ಪ ಪಹರೇದಾಗ ಹಾಡಿ ಕುದುರಿ ಎಬ್ಬಿಸ್ಯಾನ್ರಿ. ಹದಿನೈದು ದಿನ ಸಗಣಿ ಎತ್ತಿಸ್ಯಾರ. ಹೌದ್ರಿ. ಇಲ್ರಿ, ಚೇಷ್ಟಿ ಅಲ್ರಿ, ಖರೇನ. ನಡುವಿನ ಖಾನ್ಯಾಗ ಈ ಭಾನುವಾರ ಅಣ್ಣನ ಮೆಡಲ್ ಇಡೂಣ್ರಿ. ಕಾಗದ ಇನ್ನೂ ಓದಾಕತ್ತೀವಿ."

ಒಂದು ಸಾಲೂ ಬಿಟ್ಟಿರಲಿಲ್ಲ. ಅಮೃತಮ್ಮ ತಲೆ ಎತ್ತಿದಳು. ಮೈದುನ ಫೋನನ್ನು ಕಿವಿಗೆ ಒತ್ತಿ ನಿಂತಿದ್ದ. ಆ ಕಡೆಯಿಂದ ಯಾವುದೋ ಮಾತು ಬಂತು, ತಗ್ಗಿದ ದನಿಯಲ್ಲಿ, ಸುಬೇದಾರರು ಸಾಮಾನ್ಯವಾಗಿ ಆಡದಷ್ಟು ತಗ್ಗಿದ ದನಿಯಲ್ಲಿ. ಬಾಲರಾಜ ಫೋನಿಗೆ ಕೈ ಅಡ್ಡ ಹಿಡಿದು ವೈನಿಯ ಕಡೆ ಬಾಗಿದ.

"ಅವರ ಮುತ್ತ್ಯಾಂದೂ ಒಂದು ಉರ್ದು ಸನದು ಅದ ಅಂತ್ರಿ. ಕಟ್ಟು ಹಾಕಿಸಿ ಪಡಸಾಲ್ಯಾಗ ನೇತು ಹಾಕ್ಯಾರ. ಅವರೂ ಓದಿಸಿಲ್ಲಂತ. ಬೇಗಂರ ಮನಿ ಎಲ್ಲಿ ಬರ್ತದ, ಯಾವ ದಿನ ಸಿಗತಾರ ಅಂತ ಕೇಳಾಕತ್ತಾರ."

ಸುರಪುರದ ಬಸ್ಸು ಹೊರಡಲು ಗುರುಗುಟ್ಟತೊಡಗಿತ್ತು. ಅಮೃತಮ್ಮ ಮೊಣಕಾಲಿಗೆ ಕೈ ಕೊಟ್ಟು ಎದ್ದಳು; ಟ್ರಂಕ್ ಎತ್ತೆಂದು ಮೈದುನನಿಗೆ ಕಣ್ಣಲ್ಲೇ ಹೇಳಿ ಬಸ್ಸಿನ ಮೆಟ್ಟಿಲು ಹತ್ತಿದಳು.

"ಗುರುವಾರ ಒಂದು ಬಿಟ್ಟು ಯಾವಾಗರ ಬರ್ರಿ ಅನ್ನು," ಅಂದಳು. "ಗುರುವಾರ ನಮ್ಮದದ."